ಭೀಮಾ ಸೀಮೆಯ ಶ್ರೀರಂಗರು: ಅಚ್ಚಿನಲ್ಲಿ ಬದುಕಿದ ನಾಟಕ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ನಾಟಕಕಾರ ಶ್ರೀರಂಗರನ್ನು ಆರಿಸಿಕೊಂಡೆ. ಶರಣರ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಬರೆಯಲು ನನಗಿಂತ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಶ್ರೀರಂಗರ ಹೆಸರನ್ನು ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಓದಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಉತ್ತರ ಬರೆದು ಮರೆತವರೇ ಹೆಚ್ಚು. ಅವರು ನಮ್ಮ ನೆರೆಯ ಸೀಮೆಯವರು ಎಂಬುದು ಅನೇಕರಿಗೆ ಗೊತ್ತೇ ಇಲ್ಲ.

ಆಳಂದ ತಾಲೂಕಿನ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆ ಜೇವರ್ಗಿ ಸೀಮೆಗೆ ಇಳಿಯುತ್ತಾಳೆ. ಅದೇ ಹೊಳೆ ಹಿಡಿದು ಮೇಲಕ್ಕೆ ಹೋದರೆ ಅಫಜಲಪುರದ ಆಚೆಗೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು ಸಿಗುತ್ತದೆ. ಆ ತಾಲೂಕಿನ ಅಗರಖೇಡದಲ್ಲಿ 1904ರ ಸೆಪ್ಟೆಂಬರ್ 26ರಂದು ರಂಗಾಚಾರ್ಯರು ಹುಟ್ಟಿದರು. ತಂದೆಯ ಹೆಸರು ವಾಸುದೇವಾಚಾರ್ಯ. ಆಗ ಇಂಡಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನಮ್ಮ ಮೂರೂ ತಾಲೂಕುಗಳು ನಿಜಾಮರ ಸೀಮೆಯಲ್ಲಿದ್ದವು. ಅತ್ತ ಕನ್ನಡ ಶಾಲೆ, ಕನ್ನಡ ಅಚ್ಚುಕೂಟ. ಇತ್ತ ಕಚೇರಿಯಲ್ಲೂ ಸರಕಾರಿ ಶಾಲೆಯಲ್ಲೂ ಉರ್ದು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹುಡುಗ ಜಾಣ. ವಿಜಾಪುರದಲ್ಲಿ ಶಾಲೆ ಮುಗಿಸಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪದವಿ ಪಡೆದು, ಲಂಡನ್ನಿನ ಸ್ಕೂಲ್ ಆಫ್ ಓರಿಯಂಟಲ್ ಸ್ಟಡೀಸಿಗೆ ಹೋಗಿ ಎಂ.ಎ. ಮಾಡಿಕೊಂಡು ಬಂದರು. ಸಂಸ್ಕೃತ ಕಲಿಯಲು ಭೀಮಾ ಸೀಮೆಯ ಬ್ರಾಹ್ಮಣರ ಹುಡುಗ ಲಂಡನ್ನಿಗೆ ಹೋದದ್ದು ಇಂದಿಗೂ ನಗು ಬರಿಸುವ ಸಂಗತಿ. ಆದರೆ ಅಲ್ಲಿಗೆ ಹೋಗಿ ಬಂದವರ ಕಣ್ಣಿಗೆ ತಮ್ಮ ಮನೆ, ಮಠ, ಮಡಿ ಮೊದಲಿನ ಹಾಗೆ ಕಾಣಲಿಲ್ಲ. 1928ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾದರು. ಎರಡು ವರ್ಷಕ್ಕೆ, 1930ರಲ್ಲಿ, ‘ಉದರ ವೈರಾಗ್ಯ’ ಎಂಬ ನಾಟಕ ಬಂತು. ಹೊಟ್ಟೆಪಾಡಿಗಾಗಿ ತೊಡುವ ವೈರಾಗ್ಯದ ವೇಷವನ್ನು ಹೆಸರೇ ಹೇಳಿಬಿಡುತ್ತದೆ.

ಅವರ ಪುಸ್ತಕಗಳ ಬಗ್ಗೆ ಒಂದು ವಿಚಿತ್ರ ಸಂಗತಿ ಇದೆ. ಒಬ್ಬರೇ ಮನುಷ್ಯ ಮೂರು ಹೆಸರಿನಿಂದ ಅಚ್ಚಾದರು. ಭಾರತೀಯ ಆರ್ಯ ಭಾಷೆಗಳ ತೌಲನಿಕ ವ್ಯಾಕರಣದ ಮೇಲೆ 1932ರಲ್ಲಿ, ಸಂಸ್ಕೃತ ನಾಟಕದ ಮೇಲೆ 1947ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕಗಳ ಮೇಲೆ ಆರ್.ವಿ. ಜಾಗೀರದಾರ ಎಂದಿದೆ. ಕನ್ನಡ ನಾಟಕಗಳ ಮೇಲೆ ಶ್ರೀರಂಗ. ಮನೆತನದ ಜಾಗೀರದಾರ ಎಂಬ ಅಡ್ಡಹೆಸರನ್ನು ಬಿಟ್ಟು ಮುಂದೆ ಆದ್ಯ ರಂಗಾಚಾರ್ಯ ಎಂದಾದರು, ಕೊನೆಯ ಕಾಲದ ಇಂಗ್ಲಿಷ್ ಪುಸ್ತಕಗಳು ಆ ಹೆಸರಿನಲ್ಲಿವೆ. ಜಾಗೀರು ಎಂದರೆ ಏನೆಂದು ನಮ್ಮ ಸೀಮೆಯ ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಆ ಹೆಸರು ಬಿಟ್ಟದ್ದು ನನಗಂತೂ ಹಿಡಿಸಿತು.

ಈಗ ಅವರ ಎದುರಿಗಿದ್ದ ತೊಡಕು ನೋಡಿ. 1930ರ ಸುಮಾರಿಗೆ ಕನ್ನಡದಲ್ಲಿ ನಾಟಕವೆಂದರೆ ಕಂಪನಿ ನಾಟಕ. ಗುಬ್ಬಿ ವೀರಣ್ಣನವರು, ಗರುಡ ಸದಾಶಿವರಾಯರು ಊರೂರು ತಿರುಗಿ ಆಡುತ್ತಿದ್ದ ಕಾಲ. ಪರದೆ, ಕಿರೀಟ, ಹಾರ್ಮೋನಿಯಂ, ರಾತ್ರಿಯಿಡೀ ಹಾಡು. ಕಂಪನಿಗಳಿಗೆ ನಾಟಕದ ಬರಹವೇ ಬಂಡವಾಳ. ಅದು ಅಚ್ಚಾಗಿ ಬೇರೆ ಕಂಪನಿಯ ಕೈಗೆ ಸಿಕ್ಕರೆ ತಮ್ಮ ಗಲ್ಲೆಗೆ ಕುತ್ತು ಎಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು ರೂಢಿ. ಪ್ರೇಕ್ಷಕರ ಕೈಗೆ ಸಿಗುತ್ತಿದ್ದದ್ದು ಪದಗಳ ಚಿಕ್ಕ ಪುಸ್ತಕ ಮಾತ್ರ. ಇಂಗ್ಲೆಂಡಿನಲ್ಲೂ ನಾನೂರು ವರ್ಷದ ಹಿಂದೆ ಇದೇ ಪಾಡು ಇತ್ತು. ಬೆನ್ ಜಾನ್ಸನ್ ಎಂಬ ನಾಟಕಕಾರ 1616ರಲ್ಲಿ ತನ್ನ ನಾಟಕಗಳನ್ನು ದೊಡ್ಡ ಗ್ರಂಥವಾಗಿ ಅಚ್ಚು ಹಾಕಿಸಿ ಅವನ್ನು ಕೃತಿಗಳು ಎಂದು ಕರೆದದ್ದಕ್ಕೆ ಜನ ಗೇಲಿ ಮಾಡಿದ್ದರು. ಆಟಕ್ಕೆ ಬರೆದದ್ದು ಕೃತಿ ಹೇಗಾದೀತು ಎಂಬುದು ಅವರ ವಾದ. ಶೇಕ್ಸ್‌ಪಿಯರನ ನಾಟಕಗಳು ಒಟ್ಟಾಗಿ ಅಚ್ಚಾದದ್ದು ಅವನು ಸತ್ತು ಏಳು ವರ್ಷದ ಮೇಲೆ, 1623ರಲ್ಲಿ. ಆ ಪುಸ್ತಕವೊಂದು ಬರದೇ ಹೋಗಿದ್ದರೆ ಅವನ ಅರ್ಧದಷ್ಟು ನಾಟಕಗಳು ನಮಗೆ ಸಿಗುತ್ತಿರಲಿಲ್ಲ.

ಶ್ರೀರಂಗರ ಪಾಡು ಇದಕ್ಕೆ ತಿರುವುಮುರುವು. ಜಾನ್ಸನ್ನನಿಗೆ ರಂಗ ಇತ್ತು, ಪುಸ್ತಕದ ಗೌರವ ಇರಲಿಲ್ಲ. ಶ್ರೀರಂಗರಿಗೆ ರಂಗವೇ ಇರಲಿಲ್ಲ. ಹಾಡಿಲ್ಲದ, ರಾಜರಿಲ್ಲದ, ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕುಳಿತು ಮಾತಾಡುವ ನಾಟಕವನ್ನು ಯಾವ ಕಂಪನಿ ಆಡೀತು? ಆಡುವವರು ಕಾಲೇಜು ಹುಡುಗರು, ವಕೀಲರು, ಗುಮಾಸ್ತರು ಮುಂತಾದ ಹವ್ಯಾಸಿಗಳು. ಅವರಿಗೆ ಒಂದು ರಾತ್ರಿಯ ರಂಗ ಸಿಕ್ಕರೆ ಹೆಚ್ಚು. ಹಾಗಾಗಿ ಅವರ ನಾಟಕ ಬದುಕಬೇಕಾದರೆ ಪುಸ್ತಕವಾಗಿಯೇ ಬದುಕಬೇಕಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ವರ್ಷಕ್ಕೆ ಕೆಲವು ಪುಸ್ತಕ ಕಳಿಸುವ ಪದ್ಧತಿ ಅವರದು. ಒಂದು ಅಟ್ಟದ ಮೇಲೆ ನಡೆಯುತ್ತಿದ್ದ ಅಂಗಡಿ ಅದು. ಸಾಹಿತಿಗಳೆಲ್ಲ ಆ ಅಟ್ಟ ಹತ್ತಿದವರೇ. ಶ್ರೀರಂಗರ ‘ವಿಶ್ವಾಮಿತ್ರನ ಸೃಷ್ಟಿ’ ಎಂಬ ಕಾದಂಬರಿ 1934ರಲ್ಲಿ ಆ ಮಾಲೆಯಲ್ಲಿ ಬಂತು. ಕನ್ನಡದಲ್ಲಿ ಅಲ್ಲಿಯವರೆಗೆ ಕಾಣದ ಬಗೆಯ ಕಾದಂಬರಿ ಅದು. ಪುಸ್ತಕ ಕೊಳ್ಳುವವರೇ ವಿರಳವಾದ ಕಾಲದಲ್ಲಿ ಇಂಥ ಬರಹ ಅಚ್ಚಾಗಬೇಕಾದರೆ, ಏನು ಬರುತ್ತದೆಂದು ಗೊತ್ತಿಲ್ಲದೆಯೂ ಮುಂಗಡ ಹಣ ಕೊಡುವ ಚಂದಾದಾರ ಬೇಕು. ಇಂದಿನ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಮೊಬೈಲಿಗೆ ಹಾಕುವ ದುಡ್ಡಿನಲ್ಲಿ ಅಂಥ ಎರಡು ಗ್ರಂಥಮಾಲೆ ನಡೆದಾವು. ಇರಲಿ.

ಅದೇ ಸುಮಾರಿಗೆ ‘ಹರಿಜನ್ವಾರ’ ಬಂತು. ಅಸ್ಪೃಶ್ಯತೆಯನ್ನು ಧರ್ಮವೆಂದು ಸಾಧಿಸುವವರ, ಬಾಯಲ್ಲಿ ಸುಧಾರಣೆ ಹೇಳಿ ಮನೆಯಲ್ಲಿ ಹಳೆಯದನ್ನೇ ನಡೆಸುವವರ ಸೋಗನ್ನು ಈ ನಾಟಕ ಬಯಲಿಗೆಳೆಯುತ್ತದೆ. ಬರೆದವರು ವೈದಿಕ ಮನೆತನದವರು, ಸಂಸ್ಕೃತ ಪಾಠ ಹೇಳುವವರು. ಹೊರಗಿನವರು ಬೈದರೆ ಉತ್ತರ ಕೊಡಬಹುದು, ಒಳಗಿನವನೇ ಬಾಗಿಲು ತೆರೆದು ತೋರಿಸಿದರೆ ಏನು ಮಾಡುವುದು? ಮುಂದೆ ‘ಸಂಧ್ಯಾಕಾಲ’ದಲ್ಲಿ ಒಡೆಯುತ್ತಿರುವ ಕೂಡು ಕುಟುಂಬ ಬಂತು. ಸ್ವಾತಂತ್ರ್ಯ ಬಂದು ಐದು ವರ್ಷಕ್ಕೆ, 1952ರಲ್ಲಿ, ‘ಶೋಕಚಕ್ರ’ ಬಂತು. ಅಶೋಕಚಕ್ರದಿಂದ ಒಂದು ಅಕ್ಷರ ತೆಗೆದರೆ ಉಳಿಯುವುದೇ ಆ ಹೆಸರು. ಹೋರಾಟದಲ್ಲಿ ಜೈಲು ಕಂಡವರ ಸುತ್ತ ಅಧಿಕಾರದ ಆಸೆಬುರುಕರು ಹೇಗೆ ಮುತ್ತಿಕೊಂಡರೆಂಬುದನ್ನು ಅಷ್ಟು ಬೇಗ, ಅಷ್ಟು ನೇರವಾಗಿ ಬರೆದವರು ಕಡಿಮೆ. ನನ್ನ ಮಟ್ಟಿಗೆ ಅವರ ಎಲ್ಲ ನಾಟಕಗಳಲ್ಲಿ ಇದೇ ಮೇಲು. ವಿಮರ್ಶಕರು ಬೇರೆ ಹೆಸರು ಹೇಳುತ್ತಾರೆ.

ಭಾಷೆಯ ಮಾತನ್ನೂ ಹೇಳಬೇಕು. ಅವರ ಪಾತ್ರಗಳು ಧಾರವಾಡ, ವಿಜಾಪುರದ ಮನೆಮಾತಿನಲ್ಲಿ ಮಾತಾಡುತ್ತವೆ. ಪಠ್ಯಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ ಎಂದು ತಿಳಿದು ಬೆಳೆದ ನಮ್ಮ ಮಕ್ಕಳಿಗೆ ಅಚ್ಚಿನ ಹಾಳೆಯ ಮೇಲೆ ತಮ್ಮ ಅಜ್ಜಿ ಆಡುವಂಥ ಮಾತು ಕಂಡಾಗ ಆಗುವ ಖುಷಿಯನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮದು ತಪ್ಪು ಕನ್ನಡ ಅಲ್ಲವೇ ಸರ್ ಎಂದು ಕೇಳುವುದನ್ನು ಅಂದಿನಿಂದ ಅವರು ಬಿಟ್ಟರು.

1948ರಲ್ಲಿ ಶ್ರೀರಂಗರು ಕಾಲೇಜಿನ ಕೆಲಸ ಬಿಟ್ಟರು. ಇಪ್ಪತ್ತು ವರ್ಷದ ನೌಕರಿ, ಮನೆಯಲ್ಲಿ ಸಂಸಾರ. ಕೈಯಲ್ಲಿದ್ದದ್ದು ಲೇಖನಿ ಒಂದೇ. ಆಗ ನಾಟಕ ಬರೆದು ಕನ್ನಡದಲ್ಲಿ ಹೊಟ್ಟೆ ಹೊರೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವರು ನಾಟಕ, ಕಾದಂಬರಿ, ಪ್ರಬಂಧ, ವಿಮರ್ಶೆ ಎಲ್ಲವನ್ನೂ ಬರೆದರು. ಊರೂರಿಗೆ ಹೋಗಿ ನಾಟ್ಯ ಶಿಬಿರ ನಡೆಸಿ ಹವ್ಯಾಸಿಗಳಿಗೆ ನಿಲ್ಲುವುದು, ಮಾತಾಡುವುದು, ಬೆಳಕು ಹಾಕುವುದು ಕಲಿಸಿದರು. ಬೆಂಗಳೂರು ಆಕಾಶವಾಣಿಯ ನಾಟಕ ವಿಭಾಗದಲ್ಲಿ ಕೆಲಸ ಮಾಡಿದರು. ಪುಸ್ತಕ ಅಚ್ಚಾದರೆ ಸಾಲದು, ಅದನ್ನು ತೆರೆದು ಆಡಬಲ್ಲ ಕೈಗಳನ್ನೂ ತಾವೇ ತಯಾರು ಮಾಡಬೇಕು ಎಂಬಂತೆ ಓಡಾಡಿದರು.

ಅದೇ 1948ರ ಸೆಪ್ಟೆಂಬರಿನಲ್ಲಿ ಇತ್ತ ನಮ್ಮ ಸೀಮೆ ನಿಜಾಮರ ಆಡಳಿತದಿಂದ ಬಿಡುಗಡೆಯಾಯಿತು. ಊರೂರಿಗೆ ಕನ್ನಡ ಶಾಲೆಗಳು ಬರತೊಡಗಿದವು. ಶಾಲೆ ಬಂತು, ಮಾಸ್ತರರು ಬಂದರು, ಆದರೆ ಕನ್ನಡ ಪುಸ್ತಕ ಎಲ್ಲಿಂದ ಬರಬೇಕು? ಧಾರವಾಡದಿಂದ, ಗದಗಿನಿಂದ, ಬೆಂಗಳೂರಿನಿಂದ. ಏಕೀಕರಣದ ಹೊತ್ತಿನ ಆ ದಿನಗಳಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀರಂಗರೇ ಅಧ್ಯಕ್ಷರು. ಬಾಲ್ಯದಲ್ಲಿ ಹೊಳೆಯ ಮೇಲ್ಭಾಗದಿಂದ ನೋಡಿದ ಸೀಮೆಗೆ ಅವರು ಕನ್ನಡದ ಪ್ರತಿನಿಧಿಯಾಗಿ ಬಂದರು ಎಂದು ನೆನೆದರೆ ನನಗೆ ಈಗಲೂ ಒಂದು ಬಗೆಯ ಅಭಿಮಾನ.

ಅವರ ಪುಸ್ತಕ ಹಳ್ಳಿಯಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಕಡೆ ಜಾತ್ರೆಗೆ ತರುಣ ಸಂಘದವರು ನಾಟಕ ಆಡುವುದು ವಾಡಿಕೆ. ಎರಡು ತಿಂಗಳು ಹಾರ್ಮೋನಿಯಂ ಮಾಸ್ತರರ ಕೈಯಲ್ಲಿ ತಾಲೀಮು, ಹೊರಗಿನಿಂದ ಪಾತ್ರಧಾರಿಣಿಯರು, ಸೀನು, ಡ್ರೆಸ್ಸು, ಕೊನೆಗೆ ಸಾಲ. ಜೇವರ್ಗಿ ತಾಲೂಕಿನ ಒಂದು ಶಾಲೆಯಲ್ಲಿ ನಾನಿದ್ದಾಗ ಗ್ಯಾದರಿಂಗಿಗೆ ಶ್ರೀರಂಗರ ಒಂದು ಏಕಾಂಕ ಆಡಿಸಿದೆ. ಬೇಕಾದದ್ದು ಎರಡು ಬೆಂಚು, ಒಂದು ಜಮಖಾನೆ, ಹೆಡ್‌ಮಾಸ್ತರರ ಕುರ್ಚಿ. ಪುಸ್ತಕ ಒಂದೇ ಇದ್ದುದರಿಂದ ಮಕ್ಕಳು ತಮ್ಮ ತಮ್ಮ ಪಾರ್ಟನ್ನು ನೋಟಬುಕ್ಕಿನಲ್ಲಿ ಬರೆದುಕೊಂಡರು. ಹಾಡಿಲ್ಲ ಎಂದು ಮೊದಲು ಪಾಲಕರು ಗೊಣಗಿದರು. ಆಮೇಲೆ ನಗತೊಡಗಿದರು. ಒಂದು ಕಡೆ ನಗು ತಟ್ಟನೆ ನಿಂತಿತು, ಏಕೆಂದರೆ ವೇದಿಕೆಯ ಮೇಲಿನ ಯಜಮಾನ ಆಡಿದ ಮಾತನ್ನೇ ಅಂದು ಬೆಳಗ್ಗೆ ಊರಿನಲ್ಲಿ ಒಬ್ಬರು ಆಡಿದ್ದರಂತೆ. ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಎದ್ದು ಹೋಗಲಿಲ್ಲ ಎಂಬುದನ್ನು ಅವರ ದೊಡ್ಡತನವೆಂದೇ ಹೇಳಬೇಕು.

1950ರ ದಶಕದ ಕೊನೆಗೆ ಶ್ರೀರಂಗರ ಬರಹವೇ ಬದಲಾಯಿತು. ಪಡಸಾಲೆಯ ನಾಟಕ ಸಾಕೆನಿಸಿತೋ ಏನೋ. ‘ಕತ್ತಲೆ ಬೆಳಕು’ 1959ರಲ್ಲಿ, ‘ಕೇಳು ಜನಮೇಜಯ’ 1960ರಲ್ಲಿ, ‘ರಂಗಭಾರತ’ 1965ರಲ್ಲಿ ಬಂದವು. ಇವುಗಳಲ್ಲಿ ನಾಟಕ ಎಂದರೇನು, ಆಡುವವರು ಯಾರು, ನೋಡುವವರು ಯಾರು ಎಂಬುದೇ ವಸ್ತು. ಜನಮೇಜಯನನ್ನು ಕರೆಯುವ ಆ ಹೆಸರು ಕುಮಾರವ್ಯಾಸನ ಭಾರತವನ್ನು ಕೇಳಿದ ಎಲ್ಲರಿಗೂ ಪರಿಚಿತ. ಓದಲು ಇವು ಸುಲಭವಲ್ಲ. ಒಂಬತ್ತನೆಯ ತರಗತಿಗೆ ಇವನ್ನು ಕೊಡಲು ನಾನು ಹೋಗಲಿಲ್ಲ. ಆದರೆ ರಂಗ ಇಲ್ಲದಾಗ ಪುಸ್ತಕವಾಗಿ ಕಾದಿದ್ದ ಈ ನಾಟಕಕಾರನಿಗೆ ಆಗ ರಂಗವೇ ಹುಡುಕಿಕೊಂಡು ಬಂತು. ‘ಕೇಳು ಜನಮೇಜಯ’ ಹಿಂದಿಗೆ ‘ಸುನೋ ಜನಮೇಜಯ’ ಆಗಿ ಹೋಗಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪ್ರಯೋಗವಾಯಿತು. ಜೋಶಿಯವರ ಅದೇ ಗ್ರಂಥಮಾಲೆಯಿಂದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ‘ತುಘಲಕ್’ 1964ರಲ್ಲಿ ಹೊರಬಂದವು. ಹೊಸ ನಾಟಕವನ್ನು ಪುಸ್ತಕವಾಗಿ ಓದುವ ಅಭ್ಯಾಸ ಕನ್ನಡಿಗರಲ್ಲಿ ಅಷ್ಟರಲ್ಲಿ ಬೆಳೆದಿತ್ತು. ಅದನ್ನು ಬೆಳೆಸಿದವರಲ್ಲಿ ಮೊದಲಿಗರು ಯಾರೆಂದು ಮೇಲೆ ಬರೆದಿದ್ದೇನೆ.

ಪ್ರಶಸ್ತಿಗಳ ಮಾತು ಬೇಗ ಮುಗಿಸುತ್ತೇನೆ. ‘ಕಾಳಿದಾಸ’ ಎಂಬ ವಿಮರ್ಶಾ ಗ್ರಂಥಕ್ಕೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ. ಮೂವತ್ತನ್ನು ಮೀರಿ ದೊಡ್ಡ ನಾಟಕ ಬರೆದವರಿಗೆ ಅಕಾಡೆಮಿಯ ಪ್ರಶಸ್ತಿ ಬಂದದ್ದು ನಾಟಕಕ್ಕಲ್ಲ, ಸಂಸ್ಕೃತ ಕವಿಯೊಬ್ಬನ ಮೇಲಿನ ಪುಸ್ತಕಕ್ಕೆ. ಇದನ್ನು ಓದಿ ಶ್ರೀರಂಗರ ನಾಟಕದ ಪಾತ್ರವೊಂದು ನಕ್ಕೀತು.

ಕೊನೆಯ ವರ್ಷಗಳಲ್ಲಿ ಅವರನ್ನು ಹಿಡಿದಿಟ್ಟದ್ದು ಭರತನ ನಾಟ್ಯಶಾಸ್ತ್ರ. ಅದನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಂದರು. ಲಂಡನ್ನಿನಲ್ಲಿ ಕಲಿತ ಸಂಸ್ಕೃತವೂ ಧಾರವಾಡದ ಹವ್ಯಾಸಿ ರಂಗದಲ್ಲಿ ಪಟ್ಟ ಪಾಡೂ ಅಲ್ಲಿ ಒಂದಾಗಿವೆ. ಆಟ ಆಡಿಸಿ ಗೊತ್ತಿರುವ ಪಂಡಿತ ಬರೆದ ಪುಸ್ತಕ ಅದು. 1984ರ ಅಕ್ಟೋಬರ್ 17ರಂದು ಶ್ರೀರಂಗರು ತೀರಿಕೊಂಡರು. ಅವರ ಮಗಳು ಶಶಿ ದೇಶಪಾಂಡೆಯವರು ಇಂಗ್ಲಿಷಿನ ದೊಡ್ಡ ಕಾದಂಬರಿಗಾರ್ತಿ, 1990ರಲ್ಲಿ ಅವರಿಗೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ಲೇಖನ ಓದಿ ಯಾರಾದರೂ ಕಲಬುರಗಿಯ ಗ್ರಂಥಾಲಯಕ್ಕೆ ಹೋಗಿ ಹುಡುಕುವುದಾದರೆ ಒಂದು ಸೂಚನೆ. ಶ್ರೀರಂಗ ಎಂಬ ಹೆಸರಿನಲ್ಲಿ ಸಿಗದಿದ್ದರೆ ಆದ್ಯ ಎಂದು ನೋಡಬೇಕು. ಅಲ್ಲೂ ಇಲ್ಲದಿದ್ದರೆ ಇಂಗ್ಲಿಷ್ ಕಪಾಟಿನಲ್ಲಿ ಜಾಗೀರದಾರ ಎಂದು ಕೇಳಬೇಕು.