ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ನಮ್ಮ ಲಚ್ಯಾಣದ ಮೇಲೆ ಹಾದುಹೋಗುವ ರೈಲು ಹಳಿ ವಿಜಯಪುರ, ಬಾಗಲಕೋಟೆ, ಬಾದಾಮಿ ದಾಟಿ ಗದಗಕ್ಕೆ ಮುಟ್ಟುತ್ತದೆ. ಗದಗದಲ್ಲಿ ಇಳಿದು ವೀರೇಶ್ವರ ಪುಣ್ಯಾಶ್ರಮ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸದವರೇ ಇಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಡುವ ಆ ಆಶ್ರಮವನ್ನು ಕಟ್ಟಿದವರು ಸ್ವತಃ ಹುಟ್ಟು ಕುರುಡರು. ಅವರೇ ಪಂಚಾಕ್ಷರಿ ಗವಾಯಿಗಳು.

ಅವರು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಒಡಹುಟ್ಟಿದ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಬಡವರ ಮನೆಯಲ್ಲಿ ಇಬ್ಬರು ಮಕ್ಕಳಿಗೂ ದೃಷ್ಟಿಯಿಲ್ಲ. ಮುಂದೆ ಇವರ ಗತಿ ಏನು ಎಂಬ ಚಿಂತೆ ತಾಯ್ತಂದೆಗಳಿಗೆ ಎಷ್ಟಿದ್ದಿರಬೇಕು!

ಆದರೆ ಆ ಹುಡುಗರ ಕಂಠ ಚೆನ್ನಾಗಿತ್ತು. ಅವರ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಬಾದಾಮಿ ಹತ್ತಿರ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು ಇದೇ ಸ್ವಾಮಿಗಳು. ಅವರು ಆ ಹುಡುಗರಿಗೆ ನಾಲ್ಕು ಕಾಸು ಕೊಟ್ಟು ಕಳಿಸಲಿಲ್ಲ, ವಿದ್ಯೆ ಕೊಡಿಸಿದರು. ಗದಿಗೆಯ್ಯನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಹಿಂದೂಸ್ತಾನಿ ಸಂಗೀತವನ್ನು ಅವರು ಮಿರಜದ ನೀಲಕಂಠ ಬುವಾ ಅವರಿಂದಲೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರಿಂದಲೂ ಕಲಿತರು.

ಇಲ್ಲಿ ಒಂದು ಮಾತು ಹೇಳಲೇಬೇಕು. ವಹೀದ್ ಖಾನ್ ಸಾಹೇಬರಿಗೆ ಕಿವಿ ಮಂದವಾಗಿತ್ತು. ಜನ ಅವರನ್ನು ಬೆಹರೇ ವಹೀದ್ ಖಾನ್ ಎಂದೇ ಕರೆಯುತ್ತಿದ್ದರು. ನಮ್ಮ ಮನೆಮಾತು ಉರ್ದುವಿನಲ್ಲಿ ಬೆಹರಾ ಎಂದರೆ ಕಿವುಡ. ಕಿವಿ ಮಂದವಾದ ಮುಸ್ಲಿಂ ಉಸ್ತಾದ್ ಕಲಿಸಿದರು, ಕಣ್ಣಿಲ್ಲದ ಲಿಂಗಾಯತ ಶಿಷ್ಯ ಕಲಿತರು. ಹಾಡುವುದಕ್ಕೆ ಕಿವಿಯೇ ಮುಖ್ಯ, ಓದುವುದಕ್ಕೆ ಕಣ್ಣೇ ಮುಖ್ಯ ಎಂದು ಸುಲಭವಾಗಿ ತೀರ್ಪು ಕೊಡುವವರು ಈ ಜೋಡಿಯನ್ನು ನೆನೆಯಬೇಕು.

ಕಲಿತ ವಿದ್ಯೆಯಿಂದ ಗವಾಯಿಗಳು ದೊಡ್ಡ ಸಂಸ್ಥಾನದ ಆಶ್ರಯ ಹುಡುಕಿಕೊಂಡು ಹೋಗಲಿಲ್ಲ. ಗುರುಗಳ ಅಪ್ಪಣೆಯಂತೆ ಬ್ರಹ್ಮಚಾರಿಯಾಗಿ ಉಳಿದು, ಅಂಧರಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಲು ನಿಂತರು. ಮೊದಲು ಅದು ಊರೂರು ತಿರುಗುವ ಪಾಠಶಾಲೆ. ಇಂದು ಒಂದು ಊರು, ನಾಳೆ ಇನ್ನೊಂದು ಊರು, ಜೊತೆಗೆ ಶಿಷ್ಯರ ದಂಡು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಒಂದೇ ಬಗೆಯ ಬ್ರೈಲ್ ಲಿಪಿ ಬಂದದ್ದು 1951ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಗವಾಯಿಗಳು ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಪಾಠ ದಾಟಿಸುತ್ತಿದ್ದರು. ಅಷ್ಟು ಜನರ ಹೊಟ್ಟೆ ತುಂಬಬೇಕಲ್ಲ? ಜೋಳಿಗೆ ಹಿಡಿದರು, ಕಛೇರಿ ಮಾಡಿದರು, ನಾಟಕ ಕಂಪನಿಯನ್ನೂ ಕಟ್ಟಿದರು. 1930ರಲ್ಲಿ ಕುಮಾರ ಸ್ವಾಮಿಗಳು ತೀರಿಕೊಂಡ ಮೇಲೂ ಈ ಕೆಲಸ ನಿಲ್ಲಲಿಲ್ಲ. ಕೊನೆಗೆ ಗದಗದ ಬಸರಿಗಿಡದ ವೀರಪ್ಪನವರು ನೆಲೆ ಕೊಟ್ಟರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು.

ಗವಾಯಿಗಳು ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಧಾರವಾಡ ಸೀಮೆಯ ಯಲಿವಾಳದಿಂದ ಬಂದ ಹುಡುಗ ಬಸವರಾಜ ರಾಜಗುರು ಇವರ ಕೈಯಲ್ಲಿ ತಯಾರಾಗಿ ದೇಶಕ್ಕೆ ಗೊತ್ತಾದ ಗಾಯಕರಾದರು. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಇವರ ನೆರಳಲ್ಲಿ ಬೆಳೆದರು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಭಾರ ಹೊತ್ತವರು ಅದೇ ಪುಟ್ಟರಾಜರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ವರ್ಷವೇ ಅವರೂ ಕಣ್ಮರೆಯಾದರು.

ಈ ಜೀವನಚರಿತ್ರೆ ಓದಿದಾಗ ನನಗೆ ಸಂತೋಷದ ಜೊತೆ ಒಂದು ಪ್ರಶ್ನೆಯೂ ಹುಟ್ಟಿತು. ಕುಮಾರ ಸ್ವಾಮಿಗಳು ಆ ಹುಡುಗರ ಹಾಡನ್ನು ಕೇಳದೇ ಹೋಗಿದ್ದರೆ? ಅಥವಾ ಗದಿಗೆಯ್ಯನಿಗೆ ಒಳ್ಳೆಯ ಕಂಠವೇ ಇಲ್ಲದಿದ್ದರೆ? ಹಾಡಲು ಬಾರದ ಕುರುಡ ಹುಡುಗನಿಗೂ ಹಸಿವೆ ಇರುತ್ತದೆ, ಕಲಿಯುವ ಆಸೆ ಇರುತ್ತದೆ. ಎಲ್ಲರಿಗೂ ಒಬ್ಬೊಬ್ಬ ಸ್ವಾಮೀಜಿ ಸಿಗುವುದಿಲ್ಲ. ಪುಣ್ಯವಂತರ ಕಣ್ಣಿಗೆ ಬಿದ್ದವರು ಮಾತ್ರ ಬದುಕಬೇಕು ಎಂದರೆ ಅದು ನ್ಯಾಯವಲ್ಲ. ಈ ಕೊರತೆ ತುಂಬಲಿಕ್ಕೇ ಕಾನೂನು ಬೇಕಾಯಿತು.

1995ರಲ್ಲಿ ಗವಾಯಿಗಳ ಜೀವನದ ಮೇಲೆ ಕನ್ನಡ ಸಿನಿಮಾ ಬಂತು. ಅದರ ಹಾಡಿಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅದೇ 1995ರಲ್ಲಿ ಸಂಸತ್ತು ಅಂಗವಿಕಲರ ಸಮಾನ ಅವಕಾಶದ ಕಾಯ್ದೆಯನ್ನು ಒಪ್ಪಿತು. ಅದರ ಜಾಗದಲ್ಲಿ 2016ರಲ್ಲಿ ಇನ್ನೂ ಬಲವಾದ ಕಾಯ್ದೆ ಬಂದಿದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಕೊಡುತ್ತದೆ. ಸಾರ್ವಜನಿಕ ಕಟ್ಟಡಗಳಿಗೆ ಎಲ್ಲರೂ ಹೋಗುವಂತಿರಬೇಕು ಎನ್ನುತ್ತದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಅರ್ಜಿ, ಪಿಂಚಣಿ, ಗುರುತಿನ ಚೀಟಿಗಳಿಗೆ ನೆರವಾಗಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಕಾಗದದ ಮೇಲಿನ ಹಕ್ಕು ಕಛೇರಿಯ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ನಮ್ಮ ಫುಪ್ಪುಗೆ, ಎಂದರೆ ಅಬ್ಬಾರ ಅಕ್ಕನಿಗೆ, ಮದುವೆಯಾದ ಮೇಲೆ ಕಣ್ಣು ಹೋದವು. ಅವರಿಗೆ ಸಹಿ ಮಾಡಲು ಬರುತ್ತದೆ. ಒಮ್ಮೆ ಒಂದು ಕಛೇರಿಯಲ್ಲಿ ಅವರ ಅರ್ಜಿಯ ಬಗ್ಗೆ ಅಲ್ಲಿನವರು ಮಾತಾಡಿದ್ದೆಲ್ಲ ಅಬ್ಬಾರ ಜೊತೆ. ಕೊನೆಗೆ ಏನೂ ಹೇಳದೆ ಫುಪ್ಪು ಅವರ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದರು. ಅದರಲ್ಲಿ ಏನು ಬರೆದಿದೆ ಎಂದು ಫುಪ್ಪು ಎರಡು ಸಲ ಕೇಳಿದರು. ಯಾರೂ ಓದಿ ಹೇಳಲಿಲ್ಲ. ಕೆಲಸವೇನೋ ಆಯಿತು. ಆದರೆ ಅವರು ಅಲ್ಲಿ ಅರ್ಜಿದಾರರಾಗಿ ಇರಲೇ ಇಲ್ಲ, ಒಂದು ಹೆಬ್ಬೆರಳಾಗಿದ್ದರು.

ನಾನು ವಾಣಿಜ್ಯ ವಿಭಾಗದವಳು. ನಮ್ಮ ಲೆಕ್ಕಶಾಸ್ತ್ರದಲ್ಲಿ ದಾನ ಖರ್ಚಿನ ಕಡೆ ಬರುತ್ತದೆ. ಮನಸ್ಸಿದ್ದರೆ ಕೊಡಬಹುದು, ಇಲ್ಲದಿದ್ದರೆ ಬಿಡಬಹುದು. ಕೊಡಬೇಕಾದ ಬಾಕಿಯಾದರೆ ಅಢಾವೆ ಪತ್ರಿಕೆಯಲ್ಲಿ ಹೊಣೆಯ ಕಡೆ ಕೂರುತ್ತದೆ, ತೀರಿಸುವ ತನಕ ಅಳಿಸುವಂತಿಲ್ಲ. 10 ಲಕ್ಷ ಅನುದಾನವಿದ್ದರೆ ಅದರಲ್ಲಿ 50 ಸಾವಿರ ಅಂಗವಿಕಲರದ್ದು. ಅದು ಯಾರ ಉಪಕಾರವೂ ಅಲ್ಲ. ಗವಾಯಿಗಳು ಜೋಳಿಗೆ ಹಿಡಿದದ್ದು ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವೆಂದು. ಇಂದು ದಾರಿ ಇದ್ದೂ ನಮ್ಮ ಅಂಗವಿಕಲ ಬಂಧುಗಳು ಕೈಯೊಡ್ಡಿ ನಿಲ್ಲುವಂತಾದರೆ ತಪ್ಪು ಅವರದ್ದಲ್ಲ.

ಗೆಳತಿಯರೇ, ಗೆಳೆಯರೇ, ನಮಗೆ ಇನ್ನೂ ಮತ ಹಾಕುವ ವಯಸ್ಸಾಗಿಲ್ಲ. ಆದರೆ ಅರ್ಜಿ ಓದಿ ಹೇಳಲು ವಯಸ್ಸು ಅಡ್ಡಿಯಿಲ್ಲ. ನಿಮ್ಮ ಓಣಿಯಲ್ಲಿ ಕಣ್ಣು ಕಾಣದವರಿದ್ದರೆ ಅವರ ಕಾಗದಗಳನ್ನು ಅವರಿಗೇ ಓದಿ ಹೇಳಿ, ಮನೆಯವರಿಗಲ್ಲ. ಸಹಿ ಬರುವವರಾದರೆ ಪೆನ್ನು ಕೊಟ್ಟು, ಸಹಿ ಮಾಡುವ ಜಾಗಕ್ಕೆ ಬೆರಳು ಮುಟ್ಟಿಸಿ. ಮುಂದಿನ ಗ್ರಾಮಸಭೆಗೆ ಮನೆಯ ಹಿರಿಯರು ಹೊರಟಾಗ, ಆ ಶೇ. 5ರ ಲೆಕ್ಕ ಕೇಳಿಕೊಂಡು ಬರಲು ಹೇಳಿ.