ಶಬ್ದಕ್ಕೆ ಸಾಕ್ಷಿ ಕೇಳಿದ ಕೇಶಿರಾಜ



ಪಂಪ, ಪೊನ್ನ, ರನ್ನ, ಜನ್ನರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಕೇಶಿರಾಜ ಎಂದ ಕೂಡಲೆ ವ್ಯಾಕರಣ ಎಂದು ಮುಖ ತಿರುಗಿಸುತ್ತಾರೆ. ನಾನೂ ಪಿಯುಸಿ ಓದುವಾಗ ಹಾಗೇ ಮಾಡಿದವನು. ಪರೀಕ್ಷೆಗೆ ಎರಡು ಸೂತ್ರ ಬಾಯಿಪಾಠ ಮಾಡಿ, ಮುಗಿದ ಮೇಲೆ ಮರೆತೆ. ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಿದ್ದು ಅಂಗಡಿಯ ಜವಾಬ್ದಾರಿ ಮಗನಿಗೆ ಬಿಟ್ಟು, ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡಲು ಕುಳಿತಾಗ.

ಕೇಶಿರಾಜನ ಕಾಲ ಸುಮಾರು ಕ್ರಿ.ಶ. 1260, ಹೊಯ್ಸಳರ ಆಳ್ವಿಕೆ. ಅವನದು ವಿದ್ವಾಂಸರ ಮನೆತನ. ತಾಯಿಯ ತಂದೆ ಕವಿ ಸುಮನೋಬಾಣ. ಯಶೋಧರ ಚರಿತೆ ಬರೆದ ಕವಿಚಕ್ರವರ್ತಿ ಜನ್ನ ಸೋದರಮಾವ. ತಂದೆ ಮಲ್ಲಿಕಾರ್ಜುನ, ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದವನು. ಹಿಂದಿನ ಕವಿಗಳ ಕಾವ್ಯಗಳಿಂದ ಸಮುದ್ರ, ಪರ್ವತ, ನಗರ, ವಸಂತ ಹೀಗೆ ವಿಷಯವಾರು ಪದ್ಯಗಳನ್ನು ಆರಿಸಿ ಜೋಡಿಸಿದ ಗ್ರಂಥ ಅದು. ಇಂಥ ಮನೆಯಲ್ಲಿ ಬೆಳೆದ ಹುಡುಗನ ಕಿವಿಗೆ ಹಳೆಯ ಕವಿಗಳ ಮಾತು ಎಷ್ಟು ಬಿದ್ದಿರಬೇಕು, ಯೋಚಿಸಿ.

ಅವನು ಚೋಳಪಾಲಕ ಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಮುಂತಾದ ಕಾವ್ಯಗಳನ್ನೂ ಬರೆದಿದ್ದ. ಒಂದೂ ಉಳಿದಿಲ್ಲ. ಉಳಿದದ್ದು ಶಬ್ದಮಣಿದರ್ಪಣ ಮಾತ್ರ.

ಶಬ್ದಗಳಿಗೆ ಅರ್ಥ ಬರೆಯುವ ಕೆಲಸವನ್ನು ಜೈನ ವಿದ್ವಾಂಸರು ಮೊದಲೇ ಆರಂಭಿಸಿದ್ದರು. ಎರಡನೆಯ ನಾಗವರ್ಮ ಸಂಸ್ಕೃತ ಪದಗಳಿಗೆ ಕನ್ನಡ ಅರ್ಥ ಕೊಡುವ ಅಭಿಧಾನ ವಸ್ತುಕೋಶ ರಚಿಸಿದ್ದ. ಕನ್ನಡಕ್ಕೆ ವ್ಯಾಕರಣವನ್ನೂ ಬರೆದಿದ್ದ, ಆದರೆ ಅವನ ಕರ್ಣಾಟಕ ಭಾಷಾಭೂಷಣದ ಸೂತ್ರಗಳು ಸಂಸ್ಕೃತದಲ್ಲಿವೆ. ಕೇಶಿರಾಜ ಕನ್ನಡದ ನಿಯಮವನ್ನು ಕನ್ನಡದಲ್ಲೇ, ಕಂದ ಪದ್ಯದಲ್ಲಿ ಹೇಳಿದ. ಕೆಳಗೆ ತಾನೇ ಗದ್ಯದಲ್ಲಿ ವಿವರಣೆ ಬರೆದ. ಅದಕ್ಕೂ ಕೆಳಗೆ ಪ್ರಯೋಗ, ಅಂದರೆ ಹಿಂದಿನ ಕವಿಗಳು ಆ ಪದವನ್ನು ಬಳಸಿದ ಸಾಲುಗಳನ್ನು ಕೊಟ್ಟ.

ಈ ಮೂರನೆಯ ಭಾಗವೇ ನನಗೆ ಹಿಡಿಸಿದ್ದು. ನಮ್ಮ ವ್ಯಾಪಾರದಲ್ಲಿ ಚೀಟಿ ಇಲ್ಲದೆ ಲೆಕ್ಕದ ಪುಸ್ತಕಕ್ಕೆ ಒಂದು ರೂಪಾಯಿಯನ್ನೂ ಏರಿಸುವುದಿಲ್ಲ. ಕೇಶಿರಾಜನ ಪದ್ಧತಿಯೂ ಹೀಗೇ. ತನ್ನ ಮಾತಿಗೆ ಆಧಾರವೆಂದು ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಇವರನ್ನು ಆರಂಭದಲ್ಲೇ ಹೆಸರಿಸಿದ್ದಾನೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿ ಸಮಾಸ ಮಾಡಬಾರದು, ಅದು ಅರಿಸಮಾಸ ಎನ್ನುತ್ತಾನೆ. ಆದರೆ ಹಿರಿಯ ಕವಿಗಳು ಬಳಸಿಬಿಟ್ಟಿದ್ದರೆ ಅದನ್ನು ಒಪ್ಪುತ್ತಾನೆ. ತನ್ನ ನಿಯಮಕ್ಕಿಂತ ಕವಿಯ ಸಾಕ್ಷಿ ಅವನಿಗೆ ದೊಡ್ಡದು.

ಆ ಕಾಲಕ್ಕೆ ಹಳಗನ್ನಡ ಕರಗಿ ಹೋಗುತ್ತಿತ್ತು. ಹಳೆಯ ಅಕ್ಷರ ೞ ಜನರ ಬಾಯಲ್ಲಿ ಳ ಆಗಿಹೋಗಿತ್ತು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಎರಡಕ್ಕೂ ಒಂದೇ ಅಕ್ಷರ ಬರೆದರೆ ಹಳೆಯ ಕಾವ್ಯ ಓದುವವನು ಬದುಕನ್ನು ಕತ್ತಿ ಎಂದು ತಿಳಿದಾನು. ಅದಕ್ಕಾಗಿ ಕೇಶಿರಾಜ ೞ ಬರುವ ಪದಗಳನ್ನು ಹುಡುಕಿ ಪಟ್ಟಿ ಮಾಡಿದ. ಮಕ್ಕಳಿಗೆ ಈ ಎರಡು ಪದಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ವ್ಯಾಕರಣ ಎಂದು ಯಾರೂ ಆಕಳಿಸಲಿಲ್ಲ.

ಇನ್ನೊಂದು ಪ್ರಕರಣದಲ್ಲಿ ಧಾತುಗಳನ್ನು ಅರ್ಥಸಹಿತ ಕೊಟ್ಟಿದ್ದಾನೆ. ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದ ಕನ್ನಡದ ಬಾಯಿಗೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ವಿಚಾರ. ನಾವು ದಿನಾ ಹೋಗುವ ಬಸದಿ ಮೂಲದಲ್ಲಿ ವಸತಿ, ಶ್ರಮಣನೇ ಸವಣ, ಯಕ್ಷನೇ ಜಕ್ಕ, ಸಂಧ್ಯೆಯೇ ಸಂಜೆ. ಕೊನೆಗೆ ಪ್ರಯೋಗಸಾರ ಎಂಬ ಭಾಗದಲ್ಲಿ ಅಪರೂಪದ ಪದಗಳ ಅರ್ಥ ವಿವರಿಸಿದ್ದಾನೆ.

ಉದಾಹರಣೆಯ ಸಾಲು ಯಾವ ಕವಿಯದು ಎಂದು ಹೆಚ್ಚಿನ ಕಡೆ ಅವನು ಹೇಳಿಲ್ಲ. ವಿದ್ವಾಂಸರು ಸಿಕ್ಕಿದ ಕಾವ್ಯಗಳೊಂದಿಗೆ ಹೋಲಿಸಿ ಗುರುತಿಸಬೇಕಾಯಿತು. ಅಸಗನ ಸಂಸ್ಕೃತ ವರ್ಧಮಾನ ಚರಿತೆ ನಮ್ಮಲ್ಲಿದೆ, ಅವನ ಕನ್ನಡ ಕಾವ್ಯ ಸಿಕ್ಕಿಲ್ಲ. ಗಜಗ, ಗುಣನಂದಿಯರ ಕಾವ್ಯಗಳೂ ಹಾಗೇ. ಮೂಲವೇ ಸಿಗದ ಸಾಲುಗಳು ಈ ವ್ಯಾಕರಣದ ಉದಾಹರಣೆಗಳಲ್ಲಿ ಉಳಿದುಕೊಂಡಿವೆ. ಹೆಸರು ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುವುದುಂಟು. ಅವನ ಕಾಲದ ಓದುಗರಿಗೆ ಹೆಸರು ಬೇಕಿರಲಿಲ್ಲವೇನೋ.

ನಿಷ್ಠೂರಸಂಜಯ್ಯ, ಲಿಂಗಣಾರಾಧ್ಯ ಮುಂತಾದವರು ಈ ಗ್ರಂಥಕ್ಕೆ ಟೀಕೆ ಬರೆದರು. ಶತಮಾನಗಳ ಕಾಲ ಓಲೆಗರಿಯಲ್ಲಿದ್ದ ಗ್ರಂಥವನ್ನು ಜರ್ಮನಿಯಿಂದ ಬಂದ ರೆವರೆಂಡ್ ಕಿಟ್ಟೆಲ್ ಪರಿಷ್ಕರಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದೇ ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಅದರಲ್ಲೂ ಅರ್ಥದ ಜೊತೆಗೆ ಆಧಾರ ಕೊಡುವ ಕ್ರಮವಿದೆ. ಪುಟ ತಿರುವುತ್ತ ಹೋದರೆ ಹಳಗನ್ನಡ ಪದಗಳ ಮುಂದೆ ಮತ್ತೆ ಮತ್ತೆ ಶಬ್ದಮಣಿದರ್ಪಣದ ಹೆಸರು ಸಂಕ್ಷಿಪ್ತವಾಗಿ ಕಾಣುತ್ತದೆ.