ತೇಜಸ್ವಿಯವರ ಹಕ್ಕಿಗಳು ಮತ್ತು ನಾನು ಕತ್ತರಿಸಿದ ಗೋಡೆ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ವರವು ಕಾವಲಿನ ಅಂಚಿನಲ್ಲಿ ಒಂದು ನೆಲಗುಬ್ಬಿಯ ಫೋಟೊ ತೆಗೆದೆ. ಹುಲ್ಲಿನಲ್ಲಿ ಹೊಟ್ಟೆ ಮೇಲೆ ಮಲಗಿ, ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿ, ಮುಕ್ಕಾಲು ಗಂಟೆ ಕಾದು ತೆಗೆದದ್ದು. ಹಕ್ಕಿ ಬಲಕ್ಕೆ ನೋಡುತ್ತಿತ್ತು. ಎಡಗಡೆ ಕಾಂಪೌಂಡ್ ಗೋಡೆಯ ತುದಿ ಬಂದಿತ್ತು. ಮನೆಗೆ ಬಂದು ಎಡಭಾಗವನ್ನು ಕ್ರಾಪ್ ಮಾಡಿದೆ. ಹಕ್ಕಿ ನೋಡುವ ಕಡೆ ಜಾಗ ಬಿಡಬೇಕು, ಬೆನ್ನ ಹಿಂದಿನ ಜಾಗ ಕಡಿಮೆಯಾದರೆ ತೊಂದರೆಯಿಲ್ಲ ಎಂಬ ನಿಯಮವೂ ನನ್ನ ಪರವಾಗಿತ್ತು. ಫೋಟೊ ಚೆಂದ ಬಂತು. ಲೈಕುಗಳೂ ಬಂದವು.

ಮುಂದಿನ ಸಲ ಹೋದಾಗ ಅಲ್ಲೇ ಕುರಿ ಮೇಯಿಸುವ ಹಿರಿಯರೊಬ್ಬರಿಗೆ ಫೋನಿನಲ್ಲಿ ಅದನ್ನು ತೋರಿಸಿದೆ. ಇದು ಯಾವೂರಪ್ಪ ಅಂತ ಕೇಳಿದರು. ನಮ್ಮ ಕಾವಲೇ ಅಲ್ವಾ ಅಂದೆ. ಇನ್ನೊಮ್ಮೆ ನೋಡಿ, ಹಂಗಾದ್ರೆ ಗೋಡೆ ಎಲ್ಲಿ ಹೋಯ್ತು ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಮತ್ತೆ ತೆಗೆದೆ. ನನ್ನಂಥ ಎಷ್ಟೋ ಜನ ಕ್ಯಾಮೆರಾ ಹಿಡಿದದ್ದು ಅವರನ್ನು ಓದಿಯೇ. ಆದರೆ ಕಥೆಗಾರ ತೇಜಸ್ವಿ ಗೊತ್ತಿರುವಷ್ಟು ಹಕ್ಕಿ ಛಾಯಾಗ್ರಾಹಕ ತೇಜಸ್ವಿ ನಮಗೆ ಗೊತ್ತಿಲ್ಲ. ಇಬ್ಬರನ್ನೂ ಬೇರೆ ಬೇರೆ ಮಾಡಿ ನೋಡುವುದೂ ಒಂದು ಥರದ ಕ್ರಾಪೇ ಎಂದು ಈಗ ಅನ್ನಿಸುತ್ತದೆ.

ಅವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಕುವೆಂಪು ಅವರ ಹಿರಿಮಗನಾಗಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದರು. ಆ ಹೆಸರು, ಆ ಡಿಗ್ರಿ ಎರಡೂ ಇದ್ದವರಿಗೆ ಮೇಷ್ಟ್ರ ಕೆಲಸ ಕಷ್ಟವಿರಲಿಲ್ಲ. ಅದನ್ನು ಬಿಟ್ಟು ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಲೋಹಿಯಾ ವಿಚಾರಗಳ ಪ್ರಭಾವದಲ್ಲಿ ಬೆಳೆದ ಅವರು ಸಮಾಜವಾದಿ ಯುವಜನರ ಜೊತೆ, ರೈತ ಚಳವಳಿಯ ಜೊತೆ ನಿಂತರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದದ್ದು ಪುರೋಹಿತರಿಲ್ಲದ ಮಂತ್ರಮಾಂಗಲ್ಯದಲ್ಲಿ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಬಂದಾಗ, ಅದರ ಮುನ್ನುಡಿಯಲ್ಲಿ ನವ್ಯದ ದಾರಿ ತನಗೆ ಸಾಕು ಎಂದು ಸಾರಿಬಿಟ್ಟರು.

ಮಲೆನಾಡಿನ ಬೇರೆ ಹುಡುಗರಂತೆ ಅವರೂ ಕೋವಿ ಹಿಡಿದು ಕಾಡು ಸುತ್ತಿದವರು. ಮುಂದೆ ಅದೇ ಕೈಗೆ ಕ್ಯಾಮೆರಾ ಬಂತು. ಅದು ಫಿಲ್ಮಿನ ಕಾಲ. ಒಂದು ರೋಲಿಗೆ 36 ಫ್ರೇಮು. ರೋಲು ಸಂಸ್ಕರಣೆಯಾಗಿ ಬರುವ ತನಕ ಏನು ಸಿಕ್ಕಿದೆ ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕತ್ತರಿಸಿ ದೊಡ್ಡದು ಮಾಡಿದರೆ ಕಾಳು ಕಾಳಾಗಿ ಒಡೆಯುತ್ತಿತ್ತು. ಹಾಗಾಗಿ ಚೌಕಟ್ಟನ್ನು ಅಲ್ಲೇ, ಹಕ್ಕಿಯ ಮುಂದೆಯೇ ಕಟ್ಟಬೇಕು. ಯಾವ ಕೊಂಬೆ ಒಳಗೆ, ಯಾವುದು ಹೊರಗೆ ಎಂದು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕು. ಅದಕ್ಕೆ ಮರೆಯಲ್ಲಿ ಕೂತು ಕಾಯಬೇಕು, ಕಾಯಬೇಕಾದರೆ ಆ ಹಕ್ಕಿಯ ದಿನಚರಿ ಗೊತ್ತಿರಬೇಕು.

ಕಾಯುತ್ತಾ ಕೂತವರಿಗೆ ಹಕ್ಕಿ ಮಾತ್ರ ಕಾಣುವುದಿಲ್ಲ. 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿಪುಕ್ಕ' ಬರೆದ ಅದೇ ಮನುಷ್ಯ 'ಪರಿಸರದ ಕತೆ'ಯಲ್ಲಿ ಮಾರ, ಪ್ಯಾರರನ್ನು ಕರೆತಂದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಸೋಲುವ ತಬರನನ್ನೂ ಕಂಡರು. 1980ರ 'ಕರ್ವಾಲೊ'ದಲ್ಲಿ ವಿಜ್ಞಾನಿ ಇದ್ದಾನೆ, ಕ್ಯಾಮೆರಾ ಹಿಡಿದ ಪ್ರಭಾಕರ ಇದ್ದಾನೆ. ಆದರೆ ಹಾರುವ ಓತಿಯನ್ನು ಕಂಡವನು ಜೇನು ಕೀಳುವ ಮಂದಣ್ಣ. ಊರವರ ಕಣ್ಣಿಗೆ ಅವನು ಅಬ್ಬೇಪಾರಿ, ಕರ್ವಾಲೊಗೆ ಮಾತ್ರ ನಿಜವಾದ ನಿಸರ್ಗತಜ್ಞ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಯ ಮೇಲೆ ತೇಲಿ ಮಾಯವಾಗುತ್ತದೆ. ಆ ಪುಟದಲ್ಲಿ ಉಳಿಯುವುದು ಪ್ರಾಣಿಯಲ್ಲ, ಅದಿದ್ದ ಜಾಗ ಮತ್ತು ಅದನ್ನು ಹುಡುಕಿ ಬಂದ ಜನ.

ನನ್ನ ಫೋಟೊದಿಂದ ನಾನು ತೆಗೆದುಹಾಕಿದ್ದು ಇವೆರಡನ್ನೇ.

ಚಳ್ಳಕೆರೆಯ ಈ ಹುಲ್ಲುಗಾವಲುಗಳು ಮೈಸೂರು ಅರಸರ, ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳು. ಸುತ್ತಲ ಹಟ್ಟಿಗಳ ಕುರಿ, ದನ, ಕಂಬಳಿ ನೇಯ್ಗೆ ಎಲ್ಲ ಇದೇ ಹುಲ್ಲನ್ನು ನಂಬಿದ್ದವು. ಕೃಷ್ಣಮೃಗ, ಲೆಸ್ಸರ್ ಫ್ಲೋರಿಕನ್ ಇರುವ ನೆಲವೂ ಇದೇ. ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡರು. ಅದರ ಮುಂದಿನ ಕೆಲವೇ ವರ್ಷಗಳಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ, ಇಸ್ರೊ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಡಿಆರ್‌ಡಿಒ ಒಂದಕ್ಕೇ 4,290 ಎಕರೆ. ಹಳ್ಳಿಯವರು ಪ್ರತಿಭಟಿಸಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ತೀರ್ಪು ಬಂತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಹುಲ್ಲು ಬೆಳೆಯುವ ನೆಲವನ್ನು ಬರಡು ಭೂಮಿ ಎಂದು ಕಾಣುವ ಕಣ್ಣಿನ ಬಗ್ಗೆ ನಮ್ಮ ತಕರಾರು. ಹಕ್ಕಿಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸುವ ನಮ್ಮ ಫೋಟೊಗಳು ಆ ಕಣ್ಣಿಗೆ ಅನುಕೂಲವೇ ಮಾಡಿಕೊಡುತ್ತವೆ.

ಹಾಗಂತ ಕ್ರಾಪ್ ಮಾಡುವುದೇ ತಪ್ಪು ಅನ್ನಲಾರೆ. ತೇಜಸ್ವಿಯವರೂ ಹೊಸ ತಂತ್ರಜ್ಞಾನಕ್ಕೆ ಮೂಗು ಮುರಿದವರಲ್ಲ, ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗ ಬೇಕೆಂದು ಬೆನ್ನು ಹತ್ತಿದವರು. ಅವರ ಕಾಲದ ಛಾಯಾಗ್ರಾಹಕರಲ್ಲಿ ಗೂಡಿನ ಎದುರೇ ಮರೆ ಕಟ್ಟಿ ಕೂರುವುದು ಮಾಮೂಲಾಗಿತ್ತು. ಇವತ್ತು ಅದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಕಾವಲಿನ ನೆಲಗುಬ್ಬಿ, ಟಿಟ್ಟಿಭಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ನಾವು ಹತ್ತಿರ ಹೋದರೆ ತಾಯಿ ಎದ್ದು ಹೋಗುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ದೂರದಲ್ಲೇ ನಿಂತು, ಚಿಕ್ಕದಾಗಿ ತೆಗೆದು, ಮನೆಯಲ್ಲಿ ಕತ್ತರಿಸಿಕೊಳ್ಳುವುದೇ ಹಕ್ಕಿಗೆ ಕ್ಷೇಮ. ಈ ಕ್ರಾಪ್ ನಾನು ಹತ್ತಿರ ಹೋಗಲಿಲ್ಲ ಎಂಬುದಕ್ಕೆ ಸಾಕ್ಷಿ. ಇನ್ನೊಂದು ಥರದ ಕ್ರಾಪ್ ಅಲ್ಲಿದ್ದದ್ದನ್ನು ಇರಲೇ ಇಲ್ಲ ಅನ್ನುತ್ತದೆ. ಎರಡಕ್ಕೂ ಒತ್ತುವ ಬಟನ್ ಒಂದೇ, ಅದಕ್ಕೇ ನನಗೆ ವ್ಯತ್ಯಾಸ ತಿಳಿದಿರಲಿಲ್ಲ.

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕತ್ತರಿಸದ ಮೂಲ ಫೈಲನ್ನು ಅಳಿಸುವುದಿಲ್ಲ. ಹಕ್ಕಿಯ ಹತ್ತಿರದ ಚಿತ್ರ ಹಾಕಿದರೆ ಪಕ್ಕದಲ್ಲೇ ಅಗಲದ ಚಿತ್ರವನ್ನೂ ಹಾಕುತ್ತೇನೆ: ಹುಲ್ಲು, ಕುರಿ, ಗೋಡೆ, ಎಲ್ಲದರ ನಡುವೆ ಚುಕ್ಕೆಯಷ್ಟು ಹಕ್ಕಿ. ಗೂಡಿನ ಕಾಲದಲ್ಲಿ ಜಾಗದ ಗುರುತು ಮಾತ್ರ ಕೊಡುವುದಿಲ್ಲ. ಅಗಲದ ಚಿತ್ರಕ್ಕೆ ಲೈಕು ಕಡಿಮೆ, ಪ್ರಶ್ನೆಗಳು ಜಾಸ್ತಿ. ನೆಲಗುಬ್ಬಿಯ ಆ ಹಳೆಯ ಫೋಟೊವನ್ನೂ ಗೋಡೆ ಸಮೇತ ಮತ್ತೆ ಹಾಕಿದ್ದೇನೆ. ಕುರಿ ಮೇಯಿಸುವ ಹಿರಿಯರಿಗೆ ತೋರಿಸಿದೆ. ಹಕ್ಕಿ ಎಲ್ಲಿದೆ ಅಂತ ಕೇಳಲಿಲ್ಲ. ಗೋಡೆಯ ಆಚೆ ಬೆರಳು ತೋರಿಸಿ, ತಾವು ಮೊದಲು ಕುರಿ ನೀರಿಗೆ ಬಿಡುತ್ತಿದ್ದ ಜಾಗ ಯಾವುದು ಅಂತ ಹೇಳತೊಡಗಿದರು.